ಹಾಡು ತುಂಬಿಸುವ ಅಂಗಡಿ

"ಇದು ಬ್ಯಾಡೋ ಮಾರಾಯಾ, ಹುಡುಗ್ರು ಆಡೋ ಸಾಮಾನ ಇದ್ದಂಗೈತಿ. ಇನ್ನೂ ದೊಡ್ಡದು ತಗಿ."

ಸುಭಾಸ ಗಾಜಿನ ಕೌಂಟರಿನ ಮೇಲೆ ಮೊಣಕೈ ಊರಿ, ವಿರೂಪಾಕ್ಷ ತೋರಿಸಿದ ಪೆನ್‌ಡ್ರೈವನ್ನು ಬೆರಳಿನಿಂದ ಆಚೆ ತಳ್ಳಿದ. ಹೆಬ್ಬೆರಳ ಉಗುರಿನಷ್ಟೇ ಇದ್ದ ಕರಿಯ ತುಂಡು ಅದು. ವಿರೂಪಾಕ್ಷ ಅದನ್ನು ಮತ್ತೆ ಈಚೆ ಎಳೆದ.

"ದೊಡ್ಡದು ಅಂದ್ರ ಉದ್ದ ಅಲ್ಲಪಾ. ಹೋದ ಸುಗ್ಗ್ಯಾಗ ಎಷ್ಟ ಮುರದಿ, ನೆನಪೈತಿಲ್ಲೊ? ಟ್ರ್ಯಾಕ್ಟರ್ ಹತ್ತಾಗ ಇಳಿಯಾಗ ಮೊಳಕಾಲ ಬಡೀತೈತಿ, ಪಟಕ್ಕನ ಮುರೀತೈತಿ. ಇದು ಹಂಗಲ್ಲ. ಗಿಡ್ಡ ಐತಿ, ಆದ್ರ ಹೊಟ್ಟಿ ದೊಡ್ಡದು. ಒಮ್ಮಿ ಒಳಗ ಕುಂತ್ರ ಕುಂತಂಗ. ನೀನ ಕೀಳತೇನಿ ಅಂದ್ರೂ ಬರಾಂಗಿಲ್ಲ."

"ಹಂಗಿದ್ರ ಅದನ್ನ ಕೊಡು. ಆದ್ರ ತುಂಬ ತುಂಬಸಬೇಕು. ಒಂದ್ ಸಲ ಬಂದ ಹಾಡು ಇಡೀ ದಿನಾ ಮತ್ತ ಬರಬಾರ್ದು."

ಯರಗಟ್ಟಿಯ ಬಸ್ ನಿಲ್ದಾಣದ ಮಗ್ಗುಲಲ್ಲೇ ವಿರೂಪಾಕ್ಷನ ಅಂಗಡಿ. ಝೆರಾಕ್ಸ್, ಪ್ರಿಂಟ್, ಹಾಡು ತುಂಬಿಸುವುದು ಎಂದು ಹೊರಗೆ ಬೋರ್ಡು. ಅದರ ಕೆಳಗೆ ಕೆಂಪು ಅಕ್ಷರಗಳಲ್ಲಿ, 'ಅಳಿಸಿ ಹೋದ ಫೋಟೋ, ವಿಡಿಯೋ ವಾಪಸ್ ತೆಗೆದು ಕೊಡಲಾಗುವುದು.' ಈಗ ಎಲ್ಲರ ಕೈಯಲ್ಲೂ ಫೋನಿದೆ, ಹಾಡಿಗೇನು ಬರವಿಲ್ಲ. ಆದರೆ ಕಬ್ಬಿನ ಹೊಲದ ನಡುವೆ ಸಿಗ್ನಲ್ ಸಿಗದೆ ಫೋನಿನ ಹಾಡು ನಿಂತು ನಿಂತು ಬರುತ್ತದೆ. ಟ್ರ್ಯಾಕ್ಟರಿನವರಿಗೆ ಪೆನ್‌ಡ್ರೈವೇ ಬೇಕು. ಸವದತ್ತಿಯಿಂದ ರಾಮದುರ್ಗದವರೆಗೆ ಯಾವ ಡ್ರೈವರನನ್ನು ಕೇಳಿದರೂ ಹಾಡು ತುಂಬಿಸಲು ವಿರೂಪಾಕ್ಷನ ಹೆಸರನ್ನೇ ಹೇಳುತ್ತಿದ್ದರು. ಅವನ ಕಂಪ್ಯೂಟರಿನಲ್ಲಿ ಇಲ್ಲದ ಹಾಡಿಲ್ಲ ಎಂಬ ಮಾತಿತ್ತು.

ಆ ಸಂಗ್ರಹ ಬೆಳೆದ ಬಗೆಯನ್ನು ಮಾತ್ರ ಅವನು ಯಾರಿಗೂ ಹೇಳುತ್ತಿರಲಿಲ್ಲ. ಅರ್ಜಿ ಪ್ರಿಂಟ್ ಮಾಡಿಸಲು, ಫೋಟೋ ತೆಗೆಸಲು ಬಂದವರು ಪೆನ್‌ಡ್ರೈವ್ ಕೊಟ್ಟು ಬೆಂಚಿನ ಮೇಲೆ ಕೂಡುತ್ತಿದ್ದರು. ಕಂಪ್ಯೂಟರಿನ ಪರದೆ ವಿರೂಪಾಕ್ಷನ ಕಡೆಗೆ, ಅದರ ಬೆನ್ನು ಗಿರಾಕಿಯ ಕಡೆಗೆ. ಪ್ರಿಂಟರು ಗೊಣಗುತ್ತಾ ಹಾಳೆ ಉಗುಳುವಷ್ಟರಲ್ಲಿ ಪೆನ್‌ಡ್ರೈವಿನೊಳಗೆ ಇದ್ದದ್ದೆಲ್ಲ 'ಸ್ಟಾಕ್' ಎಂಬ ಫೋಲ್ಡರಿಗೆ ಬಂದು ಬೀಳುತ್ತಿತ್ತು. ಹಾಡಿದ್ದರೆ ಹಾಡು, ಮದುವೆಯ ವಿಡಿಯೋ ಇದ್ದರೆ ಅದೂ. ಆರಿಸುತ್ತ ಕೂಡಲು ಪುರುಸೊತ್ತೆಲ್ಲಿ? ಅವನ ಕಸುಬಿನಲ್ಲಿ ಇದನ್ನು ಯಾರೂ ಕಳವು ಎನ್ನುತ್ತಿರಲಿಲ್ಲ. ಇದ್ದ ವಸ್ತು ಇದ್ದಲ್ಲೇ ಇರುತ್ತದೆ, ಮಾಲೀಕನಿಗೆ ಹೋದದ್ದೇನು ಎಂದು ಅವನೂ ಅಂದುಕೊಂಡಿದ್ದ. ಸಾಲದ್ದಕ್ಕೆ ಅವನ ಬಾಯಿ ಪ್ರಿಂಟರಿಗಿಂತ ಜೋರು. ಬೆಳಿಗ್ಗೆ ಯಾರೋ ಮಾಡಿಸಿದ ಪ್ರಿಂಟಿನ ಸುದ್ದಿ ಮಧ್ಯಾಹ್ನಕ್ಕೆ ಎದುರಿನ ಚಹಾದಂಗಡಿಯಲ್ಲಿ ಇರುತ್ತಿತ್ತು.

ಅಂದು ಅವನು ವಿಶೇಷ ಹುರುಪಿನಲ್ಲಿದ್ದ. "ದೋಸ್ತ, ನಿನ್ನೆ ಹೊಸಾ ಮಾಲ ಬಂದೈತಿ. ಬೀಸೋ ಪದ. ಒಬ್ಬಾಕಿ ಮುದುಕಿ ಹಾಡ್ಯಾಳ. ವಾದ್ಯ ಇಲ್ಲ ಏನಿಲ್ಲ, ಬರೇ ದನಿ. ಈ ಸೀಮ್ಯಾಗ ಯಾರ ಕಡೇನೂ ಇಲ್ಲ, ನಿನಗ ಮೊದಲ ಕೊಡಾಕತ್ತೇನಿ."

ಆ ಮುದುಕಿ ಮರೆವ್ವ. ಊರ ಆಚೆ ಓಣಿಯ ಬೌದ್ಧರ ಮನೆಯ ಅಜ್ಜಿ. ಅವಳ ಮೊಮ್ಮಗಳು ಸಂಘಮಿತ್ರಾ ಸವದತ್ತಿಯ ಒಂದು ಮಹಿಳಾ ಸಂಘಟನೆಯಲ್ಲಿ ಕೆಲಸ ಮಾಡುತ್ತಾಳೆ. ಹಿಂದಿನ ದಿನ ಅವಳು ಎರಡು ಹಾಳೆಯ ಅರ್ಜಿಯೊಂದನ್ನು ಪ್ರಿಂಟ್ ಮಾಡಿಸಿಕೊಂಡು ಹೋಗಿದ್ದಳು. ಅಷ್ಟರಲ್ಲೇ 'ಅಜ್ಜಿ ಪದ' ಎಂಬ ಫೋಲ್ಡರು ವಿರೂಪಾಕ್ಷನ ಕಣ್ಣಿಗೆ ಬಿದ್ದಿತ್ತು. ಒಂದು ಪದದ ಒಂದು ನುಡಿ ಕೇಳಿದ್ದೇ ಮೈ ಜುಮ್ಮೆಂದಿತ್ತು. ಉಳಿದದ್ದನ್ನು ತೆರೆದೂ ನೋಡದೆ ಇಡೀ ಫೋಲ್ಡರನ್ನು ಎಳೆದುಕೊಂಡಿದ್ದ.

ಹಾಡು ತುಂಬುವವರೆಗೆ ಸುಭಾಸ ಬೆಂಚಿನ ಮೇಲೆ ಕುಳಿತ. "ಸೋಮವಾರ ಸಾಲಹಳ್ಳಿಗೆ ಬಾ. ಐಶ್ವರ್ಯಾಂದು ಮದುವಿ. ಭಾಳ ಮಂದಿಗೆ ಹೇಳಿಲ್ಲ, ಮನಿ ಮಟ್ಟಿಗೆ."

ವಿರೂಪಾಕ್ಷನ ಕೈ ಮೌಸಿನ ಮೇಲೆ ನಿಂತಿತು. "ಐಶೂಂದು? ಮೊನ್ನೆ ಮೊನ್ನೆ ಹತ್ತನೇತ್ತಿ ಪಾಸಾದ್ಲಂತ ಪೇಡೆ ಕೊಟ್ಟಿದ್ದೆಲ್ಲ!"

"ಹಂಗ ನೋಡಬ್ಯಾಡ. ಸೋದರಮಾವಗ ಕೊಡಾಕತ್ತೇವಿ, ಕಿತ್ತೂರ ಕಡೆ. ಹೊಲಾ ಐತಿ, ಮನಿ ಐತಿ, ಹುಡುಗ ಕುಡಿಯಾಂಗಿಲ್ಲ. ನನ್ನ ತಂಗೀನ್ನ ಗುರ್ತಿಲ್ಲದ ಮನಿಗೆ ಕೊಟ್ಟಿವಿ. ಆಕಿ ಯಾವ ಅವತಾರದಾಗ ತಿರುಗಿ ಬಂದ್ಲು, ನೀನ ನೋಡೀದಿ. ನನ್ನ ಮಗಳಿಗೆ ಹಂಗ ಆಗಬಾರದು ನೋಡು. ಮಾವನ ಮನ್ಯಾಗಾದ್ರ ಕಣ್ಣ ಮುಂದ ಇರತಾಳ."

"ಹುಡುಗಿ ಏನಂತಾಳ?"

"ಹುಡುಗಿ ಏನಂತಾಳೋ! ಅದಕ್ಕೇನ ತಿಳೀತೈತಿ? ನಾ ಏನ ಆಕೀ ವೈರಿ ಅದೇನೇನು?"

ಮಗಳ ಮೇಲೆ ಸುಭಾಸನಿಗಿದ್ದ ಅಕ್ಕರೆ ಸುಳ್ಳಲ್ಲ. ಅದು ವಿರೂಪಾಕ್ಷನಿಗೂ ಗೊತ್ತು. ಅವರವರ ಮನೆಯ ವಿಷಯ, ನನಗೇಕೆ ಎಂದು ಅವನು ಪೆನ್‌ಡ್ರೈವನ್ನು ಕಿತ್ತು ಕೈಗಿಟ್ಟ. ಸುಭಾಸ ಅದನ್ನು ಅಲ್ಲೇ ಟ್ರ್ಯಾಕ್ಟರಿನ ಟೇಪಿಗೆ ಒತ್ತಿ, ರಸ್ತೆಯ ನಾಯಿಗಳು ಎದ್ದು ನಿಲ್ಲುವಂತೆ ಹಾಡು ಹಚ್ಚಿಕೊಂಡು ಹೋದ.

ಗಿರಾಕಿಗಳು ತೆಳುವಾದ ಮೇಲೆ ವಿರೂಪಾಕ್ಷ ಚಹಾ ತರಿಸಿಕೊಂಡು, ಮರೆವ್ವನ ಪದಗಳನ್ನು ಮೊದಲಿನಿಂದ ಕೇಳುತ್ತ ಕುಳಿತ. ಅಣ್ಣನ ದಾರಿ ಕಾಯುವ ತಂಗಿಯದು ಒಂದು. ಬೆಳಗಿನ ಜಾವ ಬೀಸುವಾಗಿನದು ಇನ್ನೊಂದು. ಮೂರನೆಯದು ಕೂಸಿನ ಪದ. ಅದು ಮುಗಿದ ಮೇಲೆ ಮತ್ತೊಂದು ಪದ ಬರುತ್ತದೆಂದು ಅವನು ಕಪ್ಪು ಎತ್ತಿದ. ಬಂದದ್ದು ಪದವಲ್ಲ.

"ಹೇಳವ್ವಾ, ಹೆದರಬ್ಯಾಡ," ಎಂದಿತು ಸಂಘಮಿತ್ರಾಳ ದನಿ. ಆಮೇಲೆ ತೆಳ್ಳನೆಯ, ತಡವರಿಸುವ ಇನ್ನೊಂದು ದನಿ.

"ನನ್ನ ಹೆಸರು ಐಶ್ವರ್ಯಾ ರೀ. ಸಾಲಹಳ್ಳಿ. ನನಗ ಇನ್ನೂ ಹದಿನಾರು. ಸೋಮವಾರ ನಮ್ಮ ಮಾವನ ಜೋಡಿ ನನ್ನ ಮದುವಿ ಇಟ್ಟಾರ್ರಿ. ನನಗ ಬ್ಯಾಡ್ರಿ. ನಾ ಕಾಲೇಜಿಗೆ ಹೋಗಬೇಕ್ರಿ. ನಾ ಹಿಂಗ ಹೇಳೇನಂತ ಮನ್ಯಾಗ ಗೊತ್ತಾದ್ರ ಅವತ್ತ ಕಿತ್ತೂರಿಗೆ ಒಯ್ದು ತಾಳಿ ಕಟ್ಟಸ್ತಾರ. ನೀವು ಬರೋತನಕ ಯಾರಿಗೂ ಹೇಳಬ್ಯಾಡ್ರಿ." ಒಂದು ಬಿಕ್ಕು. "ನಮ್ಮಪ್ಪ ಕೆಟ್ಟಾಂವ ಅಲ್ರಿ. ಅಂವಗ ಯಾರೂ ಹೊಡಿಬ್ಯಾಡ್ರಿ. ನನ್ನ ಮ್ಯಾಲ ಭಾಳ ಜೀವ ಇಟ್ಟಾನ. ಆದ್ರ ಒಂದ್ ಸಲಾನೂ ನಿನಗೇನ ಬೇಕವ್ವಾ ಅಂತ ಕೇಳಲಿಲ್ರಿ."

ಚಹಾ ಕೌಂಟರಿನ ಮೇಲೆ ಚೆಲ್ಲಿತು. ಈ ದನಿ ಈಗ ಸುಭಾಸನ ಟ್ರ್ಯಾಕ್ಟರಿನಲ್ಲಿದೆ. ಆ ಟೇಪಿಗೆ ಹಾಡು ಯಾವುದು, ಮಾತು ಯಾವುದು ಎಂಬ ಭೇದವಿಲ್ಲ. ಸಾಲಿನಲ್ಲಿ ಬಂದದ್ದನ್ನೆಲ್ಲ ಊರಿಗೆ ಕೇಳುವಂತೆ ಒದರುತ್ತದೆ. ಮೊದಲಿಗೆ ತುಂಬಿದ ಹಾಡುಗಳು ಮುಗಿದರೆ ಮರೆವ್ವನ ಸರದಿ. ಕೂಸಿನ ಪದ ಮುಗಿಯಿತೆಂದರೆ ಹುಡುಗಿಯ ಗುಟ್ಟು ಅಪ್ಪನ ಕಿವಿಗೆ, ಕಬ್ಬು ಕಡಿಯುವವರ ಕಿವಿಗೆ, ಸಂಜೆಯೊಳಗೆ ಕಿತ್ತೂರಿಗೆ. ಮಾಡಿದವನು ತಾನು. ಹೊಸಾ ಮಾಲು ಎಂದು ಹಲ್ಲು ಕಿರಿದು ಕೊಟ್ಟವನು ತಾನು.

ಸುಭಾಸನಿಗೆ ಫೋನು ಹಚ್ಚಿದ. ಗಂಟೆ ಬಾರಿಸಿತು, ಎತ್ತಲಿಲ್ಲ. ಮತ್ತೆ ಹಚ್ಚಿದ. ಆ ಹಾಡಿನ ಗದ್ದಲದಲ್ಲಿ ಫೋನು ಯಾರಿಗೆ ಕೇಳಬೇಕು? ಷಟರನ್ನು ಅರ್ಧ ಎಳೆದು, ಬೈಕು ಹತ್ತಿ ಸಾಲಹಳ್ಳಿಯ ಕಡೆ ಹೊರಟ. ಎದುರಿಗೆ ಬರುವ ಪ್ರತಿ ಕಬ್ಬಿನ ಟ್ರ್ಯಾಕ್ಟರಿನ ಹಾಡಿಗೂ ಅವನ ಕಿವಿ ನಿಮಿರುತ್ತಿತ್ತು. ಹಿಂದೆಂದೂ ಹಾಡು ಅವನನ್ನು ಹೀಗೆ ಹೆದರಿಸಿರಲಿಲ್ಲ.

ಹೊಲ ಇನ್ನೂ ದೂರವಿರುವಾಗಲೇ ಮರೆವ್ವನ ದನಿ ಕೇಳಿಸಿತು. ಅಣ್ಣನ ದಾರಿ ಕಾಯುವ ತಂಗಿಯ ಪದ ಮುಗಿಯುತ್ತ ಬಂದಿತ್ತು. ವಿರೂಪಾಕ್ಷ ಬೈಕನ್ನು ಬದುವಿನ ಮೇಲೆ ಒಗೆದು, ಕಡಿದ ಕಬ್ಬಿನ ಕೂಳೆಗಳನ್ನು ತುಳಿಯುತ್ತ ಓಡಿದ. ಚಪ್ಪಲಿಯೊಂದು ಎಲ್ಲೋ ಉಳಿಯಿತು.

ಟ್ರ್ಯಾಕ್ಟರು ಹೊಲದ ನಡುವೆ ನಿಂತಿತ್ತು. ಕಬ್ಬು ಕಡಿಯುವ ಗ್ಯಾಂಗಿನವರು ಹೊರೆ ಹೊತ್ತು ಟ್ರೇಲರಿಗೆ ಏರುತ್ತಿದ್ದರು. ಅವರ ಮುಖ್ಯಸ್ಥ ಲಗಮಪ್ಪ ಕೆಳಗೆ ನಿಂತು ಹಗ್ಗ ಸರಿಪಡಿಸುತ್ತಿದ್ದ. ಸುಭಾಸ ಟ್ರೇಲರಿನ ತುದಿಯಲ್ಲಿ ಕಬ್ಬು ಜೋಡಿಸುತ್ತ ನಿಂತು, ಗೆಳೆಯನನ್ನು ಕಂಡದ್ದೇ ಎರಡೂ ಕೈ ಎತ್ತಿದ.

"ಏ ದೋಸ್ತ! ಏನ ಹಾಡ್ಯಾಳೋ ಮುದುಕಿ! ಗ್ಯಾಂಗಿನ ಹೆಣ್ಣಮಕ್ಕಳು ಕಣ್ಣಾಗ ನೀರ ತಗದ್ರು!"

"ಬಂದ್ ಮಾಡೋ!" ವಿರೂಪಾಕ್ಷ ಕೂಗಿದ. "ಸುಭಾಸಾ, ಬಂದ್ ಮಾಡು!"

ಬೀಸುವ ಪದ ಶುರುವಾಗಿತ್ತು. ಅವನ ಮಾತು ಅದರಲ್ಲಿ ಮುಳುಗಿಹೋಯಿತು. ವಿರೂಪಾಕ್ಷ ಗುಂಡಿ ತಿರುವಿ ಬಂದ್ ಮಾಡುವಂತೆ ಕೈಯನ್ನು ಗರಗರ ತಿರುಗಿಸಿ ತೋರಿಸಿದ. ಸುಭಾಸ ನಕ್ಕು, ಜೇಬಿನಿಂದ ರಿಮೋಟು ತೆಗೆದು ದನಿಯನ್ನು ಇನ್ನಷ್ಟು ಏರಿಸಿದ. ಗೆಳೆಯ ಇಷ್ಟು ದೂರ ಓಡಿ ಬಂದದ್ದು ಹಾಡು ಕೇಳಲಿಕ್ಕೇ ಎಂದು ಅವನು ತಿಳಿದಿದ್ದ.

ಟ್ರೇಲರು ಹತ್ತಿ ರಿಮೋಟು ಕಸಿಯುವಷ್ಟು ಹೊತ್ತಿಲ್ಲ. ವಿರೂಪಾಕ್ಷ ಸೀಟಿನ ಮೇಲೆ ಹಾರಿ ಕುಳಿತು ಟೇಪಿನ ಗುಂಡಿಗಳನ್ನು ಒತ್ತಿದ. ಒಂದೂ ಮಾತು ಕೇಳಲಿಲ್ಲ. ಹೊಲದ ಧೂಳು ತಿಂದು ಎಂದೋ ಸತ್ತಿದ್ದವು. ಪೆನ್‌ಡ್ರೈವಿಗೆ ಕೈ ಹಾಕಿದ. ಬೆವರಿದ ಬೆರಳು ಜಾರಿತು. ಉಗುರು ಸಿಕ್ಕಿಸಿದ, ಉಗುರೂ ಜಾರಿತು. ಒಮ್ಮೆ ಕುಂತರೆ ಕುಂತಹಾಗೆ ಎಂದು ತಾನೇ ಹೊಗಳಿ ಕೊಟ್ಟ ತುಂಡು, ಹೊರಗೆ ಒಂದು ಗೋಧಿ ಕಾಳಿನಷ್ಟೂ ಉಳಿದಿರಲಿಲ್ಲ. ಬೀಸುವ ಪದ ಮುಗಿದು ಕೂಸಿನ ಪದ ಶುರುವಾಯಿತು.

ಅಷ್ಟರಲ್ಲಿ ಬದುವಿನ ಮೇಲೆ ಬುತ್ತಿಯ ಗಂಟನ್ನು ಸೊಂಟದಲ್ಲಿಟ್ಟುಕೊಂಡು ಹುಡುಗಿಯೊಬ್ಬಳು ಬರುತ್ತಿದ್ದಳು. ಐಶ್ವರ್ಯಾ. ಮದುವೆ ಹತ್ತಿರ ಬಂತೆಂದು ಕಾಲೇಜು ಬಿಡಿಸಿದ್ದರು. ಅವಳು ಟ್ರ್ಯಾಕ್ಟರಿನ ಹತ್ತಿರ ಬರುವುದಕ್ಕೂ ಕೂಸಿನ ಪದ ಮುಗಿಯುವುದಕ್ಕೂ ಸರಿಹೋಯಿತು. ಹೊಲದ ಮೇಲೆ ಒಂದು ಕ್ಷಣ ಬರಿ ಗಾಳಿಯ ಸದ್ದು.

"ಹೇಳವ್ವಾ, ಹೆದರಬ್ಯಾಡ," ಎಂದವು ಸ್ಪೀಕರುಗಳು.

ಹುಡುಗಿ ನಿಂತಲ್ಲೇ ನಿಂತಳು. ಅವಳ ಮುಖದ ರಕ್ತವೆಲ್ಲ ಇಳಿದುಹೋದದ್ದನ್ನು ವಿರೂಪಾಕ್ಷ ಕಂಡ. ಆಮೇಲೆ ಅವನು ಮಾನ ನೋಡಲಿಲ್ಲ, ಮರ್ಯಾದೆ ನೋಡಲಿಲ್ಲ. ಬಗ್ಗಿ, ಟೇಪಿಗೆ ಬಾಯಿ ಹಚ್ಚಿ, ಪೆನ್‌ಡ್ರೈವನ್ನು ಹಲ್ಲಿನಿಂದ ಕಚ್ಚಿ ಎಳೆದ.

"ನನ್ನ ಹೆಸ..." ಎಂದು ಸ್ಪೀಕರುಗಳು ಸುಮ್ಮನಾದವು.

ಗ್ಯಾಂಗಿನವರೆಲ್ಲ ಹೊರೆ ಹೊತ್ತಂತೆಯೇ ನೋಡುತ್ತಿದ್ದರು. ಸುಭಾಸ ಟ್ರೇಲರಿನಿಂದ ಇಳಿದು ಬಂದ. "ಏನೋ ಇದು? ಹುಚ್ಚಗಿಚ್ಚ ಹಿಡದೈತೇನು? ಏನ ಮಾಡಿದಿ?"

ಪೆನ್‌ಡ್ರೈವ್ ಇನ್ನೂ ವಿರೂಪಾಕ್ಷನ ಬಾಯಲ್ಲೇ ಇತ್ತು. ಊರಿನ ಸುದ್ದಿಯನ್ನೆಲ್ಲ ಹಂಚುತ್ತಿದ್ದ ಆ ಬಾಯಿ ಅಷ್ಟು ಬಿಗಿಯಾಗಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ.

ಲಗಮಪ್ಪ ಹಗ್ಗ ಬಿಟ್ಟು ತಲೆ ಕೆರೆದುಕೊಂಡ. "ಸುಭಾಸಣ್ಣಾ, ಕಡೀಕ ಒಂದ್ ಹುಡುಗಿ ದನಿ ಬಂತ ನೋಡು. ನಿಮ್ಮ ಐಶೂನ ದನಿ ಇದ್ದಂಗಾತು."

ಸುಭಾಸ ಮಗಳ ಕಡೆ ತಿರುಗಿದ. ಐಶ್ವರ್ಯಾ ಬುತ್ತಿಯ ಗಂಟನ್ನು ಸೊಂಟದ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಬದಲಿಸಿದಳು.

"ನಾ ಇಲ್ಲೇ ನಿಂತೇನಲ್ಲೊ ಕಾಕಾ, ಟೇಪಿನಾಗ ಹ್ಯಾಂಗ ಇರತೇನಿ? ಹಸದೀರಿ ಅನಸ್ತೈತಿ. ಬರ್ರಿ, ಉಣ್ಣಬರ್ರಿ."

ಗ್ಯಾಂಗು ಗೊಳ್ಳೆಂದು ನಕ್ಕಿತು. ಲಗಮಪ್ಪನೂ ನಕ್ಕ. ವಿರೂಪಾಕ್ಷ ಪೆನ್‌ಡ್ರೈವನ್ನು ಅಂಗೈಗೆ ಉಗುಳಿ, "ವೈರಸ್ ಐತಿ ದೋಸ್ತ. ಇನ್ನಷ್ಟ ಹೊತ್ತ ಇದ್ದಿದ್ರ ನಿನ್ನ ಟೇಪ ಸುಟ್ಟ ಹೋಗತಿತ್ತು. ಬ್ಯಾರೇದು ತುಂಬಿ ಕೊಡತೇನಿ," ಎಂದ. ಸುಭಾಸ ಹೂಂ ಎಂದ. ಆದರೆ ವಿರೂಪಾಕ್ಷ ಬೈಕು ಹತ್ತುವವರೆಗೂ ಅವನ ಕಣ್ಣು ಬೆನ್ನ ಮೇಲೇ ಇತ್ತು.

ಸಂಜೆ ಸವದತ್ತಿಯಿಂದ ಬಸ್ಸಿಳಿದ ಸಂಘಮಿತ್ರಾಳನ್ನು ವಿರೂಪಾಕ್ಷನೇ ನಿಲ್ದಾಣದಲ್ಲಿ ಕಾದು ಅಂಗಡಿಗೆ ಕರೆದ. ನಡೆದದ್ದನ್ನೆಲ್ಲ ಹೇಳಿದ. ಹೇಳಲೇಬೇಕಿತ್ತು, ಸುಭಾಸನಿಗೆ ಸಂಶಯ ಹುಟ್ಟಿದ್ದರೆ ಅವಳಿಗೆ ತಿಳಿದಿರಬೇಕು. ಸಂಘಮಿತ್ರಾ ಕುಳಿತು ಕೇಳಿದವಳು ಎದ್ದು ನಿಂತಳು.

"ಕಾಪಿ ಆತು ಅನಬ್ಯಾಡ್ರಿ ಅಣ್ಣಾರ. ಕದ್ದೆ ಅನ್ರಿ."

"ಕದ್ದೆ, ಅಕ್ಕಾರ."

ಅವನು ವಾದ ಹೂಡುತ್ತಾನೆಂದು ಅವಳು ಸಿದ್ಧವಾಗಿದ್ದಳು. ಆ ಒಂದು ಮಾತಿಗೆ ಅವಳ ಸಿಟ್ಟು ಎಲ್ಲಿ ಹೋಗಬೇಕೋ ತಿಳಿಯದೆ ನಿಂತಿತು. "ಆ ಹುಡುಗಿ ಎಷ್ಟ ದಿವಸ ಬಾಯಿ ಬಿಟ್ಟಿರಲಿಲ್ಲ ಗೊತ್ತೇನ್ರಿ? ನಂಬಿ ಮಾತಾಡಿದ್ಲು. ನಾನೂ ಶ್ಯಾಣ್ಯಾಕಿ ಅಲ್ಲ. ಅಜ್ಜಿ ಹಾಡು, ಆಕೀ ಮಾತು ಎಲ್ಲಾ ಒಂದರಾಗ ಹಾಕಿ, ಅದನ್ನ ಯಾರದೋ ಕೈಯಾಗ ಕೊಟ್ಟು ಬೆಂಚಿನ ಮ್ಯಾಲ ಕುಂತೆ. ಇನ್ನ ಯಾರ್ಯಾರಿಗೆ ತುಂಬಿ ಕೊಟ್ಟೀರಿ?"

"ಸುಭಾಸಗ ಒಬ್ಬಗ. ಅದು ಇಲ್ಲೈತಿ." ಕರಿಯ ತುಂಡನ್ನು ಕೌಂಟರಿನ ಮೇಲಿಟ್ಟ. "ಕಂಪ್ಯೂಟರದಾಗಿಂದು ಈಗ ನಿಮ್ಮ ಮುಂದ ಅಳಸ್ತೇನಿ."

"ಅಳಿಸಿದ್ರ ಹೋಗತೈತೇನ್ರಿ?" ಅವಳು ಹೊರಗಿನ ಬೋರ್ಡಿನ ಕಡೆ ಕೈ ಮಾಡಿದಳು. "ಅಳಿಸಿದ್ದು ವಾಪಸ್ ತಗದ ಕೊಡತೇನಿ ಅಂತ ನೀವ ಬರಸೀರಿ."

ವಿರೂಪಾಕ್ಷನ ಹತ್ತಿರ ಉತ್ತರವಿತ್ತು. ಅಳಿಸಿದ ಜಾಗದ ಮೇಲೆ ಬೇರೆ ಏನಾದರೂ ಬರೆದುಬಿಟ್ಟರೆ ಮತ್ತೆ ಯಾರೂ ತೆಗೆಯಲಾರರು. ಆ ಒಂದು ದನಿಯನ್ನಷ್ಟೇ ಹಾಗೆ ಒರೆಸಲು ಅರ್ಧ ತಾಸು ಸಾಕು. ಅವಳ ಕಣ್ಣೆದುರೇ ಅದನ್ನು ಮಾಡಿ ಮುಗಿಸಿದ, ಪೆನ್‌ಡ್ರೈವನ್ನೂ ಒರೆಸಿದ. ಮುಗಿಯುವವರೆಗೆ ನಿಂತು ನೋಡಿ ಅವಳು ಹೋದಳು.

ಅವಳು ಹೋದ ಮೇಲೆ 'ಸ್ಟಾಕ್' ಫೋಲ್ಡರು ಅವನ ಮುಂದೆ ತೆರೆದೇ ಇತ್ತು. ಹಾಡುಗಳ ನಡುವೆ ಏನೇನಿದೆ ಎಂದು ಮೊದಲ ಸಲ ಕಣ್ಣಿಟ್ಟು ನೋಡಿದ. ಯಾರದೋ ಬಾಣಂತನದ ಫೋಟೋ. ಯಾರದೋ ರಕ್ತ ಪರೀಕ್ಷೆಯ ಚೀಟಿ. ಗಂಡನಿಗೆ ಕಳಿಸಲೆಂದು ಒಬ್ಬ ಹೆಂಡತಿ ಮಾಡಿಟ್ಟುಕೊಂಡ ವಿಡಿಯೋ. ಪರಿಚಯದ ಮುಖಗಳು, ದಿನಾ ಅಂಗಡಿಗೆ ಬಂದು ಅಣ್ಣಾ ಎನ್ನುವವರು. ಇವರಲ್ಲಿ ಒಬ್ಬರನ್ನೂ ಅವನು ಕೇಳಿರಲಿಲ್ಲ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಒಳ್ಳೆಯದು ಕೆಟ್ಟದ್ದು ಬೇರ್ಪಡಿಸಲು ಕುಳಿತರೆ ಮತ್ತೆ ಎಲ್ಲವನ್ನೂ ನೋಡಿದಂತಾಗುತ್ತದೆ. ಸೀಮೆಯಲ್ಲಿ ಯಾರಲ್ಲೂ ಇಲ್ಲದ ಹಾಡುಗಳೂ ಅದರಲ್ಲೇ ಇದ್ದವು, ಅವನ ಅಂಗಡಿಯ ಹೆಸರೂ ಅದರಲ್ಲೇ ಇತ್ತು. ಇಡೀ ಫೋಲ್ಡರನ್ನು ಒರೆಸಲು ಹಚ್ಚಿ, ಅದು ಮುಗಿಯುವವರೆಗೆ ಅಲ್ಲೇ ಕುಳಿತ.

ಸೋಮವಾರ ಸಾಲಹಳ್ಳಿಯ ಮನೆಗೆ ಸಂಘಮಿತ್ರಾ ಅಧಿಕಾರಿಗಳ ಜೊತೆ ಹೋದಳು. ಹಂದರ ಹಾಕಿತ್ತು, ಅರಿಷಿಣ ಕಲಸಿತ್ತು. ಹುಡುಗಿಯ ತಾಯಿ ಯಲ್ಲವ್ವ ಎದೆ ಬಡಿದುಕೊಂಡು ಅತ್ತಳು. ಐಶ್ವರ್ಯಾ ಎಲ್ಲರೆದುರು ನಿಂತು, ಹೇಳಿ ಕಳಿಸಿದವಳು ತಾನೇ ಎಂದಳು. ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂದು ಸುಭಾಸ ಮುಚ್ಚಳಿಕೆ ಬರೆದುಕೊಟ್ಟ. ಯಾರೂ ಅವನ ಮೈ ಮುಟ್ಟಲಿಲ್ಲ. ಈ ಸುದ್ದಿ ಚಹಾದಂಗಡಿಗೆ ಬಂದಾಗ, ಎಲ್ಲರಿಗಿಂತ ಮೊದಲು ಬಾಯಿ ಹಾಕಬೇಕಾದ ವಿರೂಪಾಕ್ಷ ಕಪ್ಪು ಇಟ್ಟು ಎದ್ದುಹೋದದ್ದು ಮಂದಿಗೆ ಸೋಜಿಗವಾಯಿತು.

ಮರುದಿನ ಟ್ರ್ಯಾಕ್ಟರು ಹಾಡಿಲ್ಲದೆ ಬಂದು ಅಂಗಡಿಯ ಮುಂದೆ ನಿಂತಿತು. ಸುಭಾಸ ಒಳಗೆ ಬಂದವನೇ ಷಟರನ್ನು ಅರ್ಧ ಎಳೆದ. ಕಣ್ಣು ಕೆಂಪಾಗಿದ್ದವು.

"ಅವತ್ತ ಟೇಪಿನಾಗ ಬಂದದ್ದು ಆಕೀ ದನೀನ. ಹೌದಲ್ಲೊ?"

ವಿರೂಪಾಕ್ಷ ಪ್ರಿಂಟರು ಬಂದ್ ಮಾಡಿದ.

"ನಾ ನಿನ್ನ ದೋಸ್ತ ಅಂತ ತಿಳದಿದ್ದೆ. ನನ್ನ ಮನಿ ಮಾತು ನಿನ್ನ ಮಶೀನದಾಗ ಐತಿ, ನನ್ನ ಕೈಯಾಗ ಇಲ್ಲ. ಹಚ್ಚು. ನಾ ಕೇಳಬೇಕು."

"ಇಲ್ಲಪಾ. ನನ್ನ ಕಡೆ ಏನೂ ಉಳದಿಲ್ಲ. ಇದ್ದದ್ದೆಲ್ಲ ಒರಿಸೇನಿ."

"ಸುಳ್ಳ ಹೇಳಬ್ಯಾಡಲೇ! ಕುಟ್ಟಿ ಪುಡಿ ಮಾಡತೇನಿ ಇದನ್ನ!" ಸುಭಾಸ ಕಂಪ್ಯೂಟರಿನ ಮೇಲೆ ಕೈ ಎತ್ತಿದ. ವಿರೂಪಾಕ್ಷ ತಡೆಯಲಿಲ್ಲ. ಪರದೆಯನ್ನು ಎರಡೂ ಕೈಯಿಂದ ಹಿಡಿದು, ಅದರ ಮುಖವನ್ನು ಸುಭಾಸನ ಕಡೆ ತಿರುಗಿಸಿ ಇಟ್ಟ. 'ಸ್ಟಾಕ್' ಖಾಲಿಯಾಗಿತ್ತು. ಸುಭಾಸ ಮೌಸು ಕಸಿದುಕೊಂಡು ಅಲ್ಲಿ ಇಲ್ಲಿ ಒತ್ತಿದ. ಎಷ್ಟು ಒತ್ತಿದರೂ ಒಂದು ಹಾಡೂ ಸಿಗಲಿಲ್ಲ.

ಎತ್ತಿದ ಕೈ ಇಳಿಯಿತು. ಅವನು ಬೆಂಚಿನ ಮೇಲೆ ಕುಸಿದು ಕುಳಿತ.

"ನಿನ್ನ ಹಾಡು... ಎಲ್ಲಾನೂ?"

"ಎಲ್ಲಾ."

ಹೊರಗೆ ಬೆಳಗಾವಿಯ ಬಸ್ಸು ಬಂದು ಹೋಯಿತು. ಸುಭಾಸನ ದನಿ ಈ ಸಲ ಸಣ್ಣದಾಗಿತ್ತು.

"ಮಂದಿ ಏನರ ಅನವಲ್ರ್ಯಾಕ. ನೀ ಕೇಳೀದಿ. ಅಷ್ಟ ಹೇಳು ದೋಸ್ತ. ಆಕಿ ನನ್ನ ಬಗ್ಗೆ ಏನಂದ್ಲು? ನಮ್ಮಪ್ಪ ಕೆಟ್ಟಾಂವ ಅಂದ್ಲೇನು? ಮದುವಿ ನಿಂತಾಗಿಂದ ನಾ ಆಕೀ ಮುಖಾ ನೋಡಿಲ್ಲ. ಹ್ಯಾಂಗ ನೋಡಲಿ? ಅದೊಂದ್ ಹೇಳು."

ವಿರೂಪಾಕ್ಷನ ಗಂಟಲಿಗೆ ಆ ಮಾತು ಬಂದೇಬಿಟ್ಟಿತು. ನಮ್ಮಪ್ಪ ಕೆಟ್ಟಾಂವ ಅಲ್ರಿ, ಅಂವಗ ಯಾರೂ ಹೊಡಿಬ್ಯಾಡ್ರಿ. ಹೇಳಿದರೆ ಈ ಗಂಡಸಿನ ಎದೆಯ ಭಾರ ಈ ಕ್ಷಣವೇ ಇಳಿಯುತ್ತದೆ. ಹೇಳಿದರೆ ಗೆಳೆತನವೂ ಉಳಿಯುತ್ತದೆ. ಒಳ್ಳೆಯ ಮಾತೇ ತಾನೆ, ಹೇಳಿದರೆ ಯಾರಿಗೆ ನಷ್ಟ? ಇಷ್ಟು ದಿನ ಅವನು ಎಲ್ಲವನ್ನೂ ಹಾಗೆಯೇ ಅಂದುಕೊಂಡು ತೆಗೆದುಕೊಂಡಿದ್ದ. ಕೌಂಟರಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ.

"ಅದು ಆಕೀ ಮಾತು, ಸುಭಾಸಾ. ನಾ ಹೇಳೂದಲ್ಲ. ಆಕೀನ್ನ ಕೇಳು."

"ಆಕೀನ್ನ?"

"ಹೂಂ. ಒಮ್ಮಿ ಕುಂಡರಿಸಿಕೊಂಡು ಕೇಳು."

ಸುಭಾಸ ಅವನನ್ನು ದಿಟ್ಟಿಸಿ ನೋಡಿದ. ಬೈಗುಳ ಬರುತ್ತದೆಂದು ವಿರೂಪಾಕ್ಷ ಕಾದ. ಬರಲಿಲ್ಲ. ಸುಭಾಸ ಷಟರು ಎತ್ತಿ ಹೊರಗೆ ಹೋದ. ಟ್ರ್ಯಾಕ್ಟರು ಸದ್ದಿಲ್ಲದೆ ಸಾಲಹಳ್ಳಿಯ ಕಡೆ ಹೊರಳಿತು. ಇನ್ನು ಇವನು ಈ ಅಂಗಡಿಯ ಮೆಟ್ಟಿಲು ಹತ್ತಲಾರ ಎಂದುಕೊಂಡು ವಿರೂಪಾಕ್ಷನ ಕಣ್ಣು ತುಂಬಿದವು.

ಆ ದಿನದಿಂದ ಪರದೆ ತಿರುಗಿಸಿದಂತೆಯೇ ಉಳಿಯಿತು. ವಿರೂಪಾಕ್ಷ ಈಗ ಕತ್ತು ಕೊಂಕಿಸಿ, ಗಿರಾಕಿಯ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಾನೆ. ಯಾವ ಫೈಲು ಪ್ರಿಂಟ್ ಮಾಡಬೇಕೋ ಅವರಿಂದಲೇ ಬೆರಳಿಟ್ಟು ತೋರಿಸಿಕೊಳ್ಳುತ್ತಾನೆ. ಹಾಡಿನ ಗಿರಾಕಿಗಳು ತೆಳುವಾದರು. ಮರೆವ್ವನ ಮನೆಗೆ ಹೋಗಿ ತಪ್ಪಾಯಿತು ಎಂದು ಬಂದ. ಮುದುಕಿ ಬೈಯಲಿಲ್ಲ; "ನನ್ನ ಪದ ಹೊಲ್ದಾಗ ಹಚ್ಚಿದ್ದಿ ಅಂತ. ಮದಲ ಹೇಳಿದ್ರ ಇನ್ನೂ ಚಲೋ ಹಾಡತಿದ್ದಿಲ್ಲೇನೋ," ಎಂದಳು.

ಕಬ್ಬಿನ ಸುಗ್ಗಿ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಟ್ರ್ಯಾಕ್ಟರು ಬಂದು ನಿಂತಿತು. ಇಳಿದವರು ಇಬ್ಬರು. ಐಶ್ವರ್ಯಾಳ ಹೆಗಲಿಗೆ ಕಾಲೇಜಿನ ಚೀಲವಿತ್ತು. ಸುಭಾಸ ಕೌಂಟರಿನ ಹತ್ತಿರ ಬಂದು ನಿಂತು, ಯಾರ ಮುಖವನ್ನೂ ನೋಡದೆ, "ಆಕೀನ್ನ ಕೇಳಿದ್ನಿ," ಎಂದ. ಟವೆಲಿನಿಂದ ಮುಖ ಒರೆಸಿಕೊಂಡು, "ಕಾಲೇಜಿನಾಗ ಏನೋ ಬರದ ಕೊಡಬೇಕಂತ. ಒಂದ್ ಪೆನ್‌ಡ್ರೈವ್ ಬೇಕು," ಎಂದ.

ವಿರೂಪಾಕ್ಷ ಇದ್ದದ್ದನ್ನೆಲ್ಲ ಕೌಂಟರಿನ ಮೇಲೆ ಹರಡಿದ. ಮುಚ್ಚಳ ಇದ್ದದ್ದು, ಹೊರಳಿಸಿ ತೆಗೆಯುವುದು, ಉದ್ದಂದು, ಗಿಡ್ಡಂದು, ದಾರ ಕಟ್ಟಲು ತೂತಿದ್ದದ್ದು. ಐಶ್ವರ್ಯಾ ಒಂದೊಂದನ್ನೇ ಎತ್ತಿ ನೋಡತೊಡಗಿದಳು.

"ಇದರಾಗ ಇಟ್ಟದ್ದು ನಾ ತೋರಿಸಿದ್ರಷ್ಟ ಕಾಣೂ ಹಂಗ ಮಾಡಾಕ ಬರತೈತೇನ್ರಿ ಕಾಕಾ?"

"ಬರತೈತವ್ವಾ. ಕೀಲಿ ಹಾಕೂದು ಕಲಿಸಿ ಕೊಡತೇನಿ. ಆ ಕೀಲಿ ಏನಂತ ನೀ ನನಗೂ ಹೇಳಬ್ಯಾಡ."

ಅವಳು ಮತ್ತೆ ಆರಿಸತೊಡಗಿದಳು. ತಡವಾಗುತ್ತಿತ್ತು, ಹೊರಗೆ ಕಾಲೇಜಿನ ಬಸ್ಸಿಗೆ ಹುಡುಗರು ಸೇರುತ್ತಿದ್ದರು. ಸುಭಾಸನಿಗೆ ತಡೆಯಲಾಗಲಿಲ್ಲ. ಎಲ್ಲಕ್ಕಿಂತ ಉದ್ದವಾಗಿ ಹೊಳೆಯುತ್ತಿದ್ದ ಒಂದರ ಕಡೆ ಬೆರಳು ಚಾಚಿ, "ಇದ ಚಲೋ ಐತಿ, ಇದನ್ನ..." ಎಂದವನು ಅಲ್ಲಿಗೇ ನಿಲ್ಲಿಸಿದ. ಚಾಚಿದ ಬೆರಳನ್ನು ಮೆಲ್ಲಗೆ ಮಡಚಿಕೊಂಡ.

"ನಿನಗ ಯಾವುದು ಬೇಕವ್ವಾ?" ಎಂದು ಕೇಳಿದ.

ಐಶ್ವರ್ಯಾ ಅಪ್ಪನ ಮುಖ ನೋಡಿದಳು. ಆಮೇಲೆ ಅವಸರ ಮಾಡದೆ ಮತ್ತೆ ಮೊದಲನೆಯದರಿಂದ ನೋಡುತ್ತ ಬಂದಳು. ಇಬ್ಬರು ಗಂಡಸರೂ ಬಾಯಿ ಮುಚ್ಚಿಕೊಂಡು ಕಾದರು.